ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮನವರು

ಸೊರಬದ ಗುಡಿಗಾರರು ಗಂಧದ ಕೊರಡಿನಲ್ಲಿ ಬಿಡಿಸಿದ ಮೂರ್ತಿಯು, ಅದನ್ನು ಕೆತ್ತಿದ ಕೈ ಮಣ್ಣಾದ ಮೇಲೆಯೂ ತಲೆಮಾರುಗಳ ಕಾಲ ಉಳಿಯುವುದು. ಶಿಕಾರಿಪುರದ ಸೀಮೆಯ ಬಳ್ಳಿಗಾವಿಯಲ್ಲಿ ಕಲ್ಲುಕುಟಿಗರು ಎತ್ತಿದ ದೇಗುಲಗಳು ಎಂಟೊಂಬತ್ತು ಶತಮಾನಗಳ ಮಳೆ ಬಿಸಿಲುಗಳನ್ನು ತಾಳಿಕೊಂಡು ಇಂದಿಗೂ ನಿಂತಿವೆ. ಆದರೆ ಆ ದೇಗುಲಗಳ ರಂಗಮಂಟಪದಲ್ಲಿ ಹಾಡಿದವರ ಹಾಡು ಎಲ್ಲಿ ಉಳಿದಿದೆ? 1162ನೆಯ ಇಸವಿಯ ಕೋಡಿಮಠದ ಶಾಸನವು ಅಲ್ಲಿ ವೇದ, ವ್ಯಾಕರಣ, ಕಾವ್ಯ, ನಾಟಕಗಳ ಅಭ್ಯಾಸವು ನಡೆಯುತ್ತಿದ್ದುದನ್ನೂ, ದೀನರು ಅನಾಥರೊಡನೆ ಗಾಯಕರಿಗೂ ನರ್ತಕರಿಗೂ ಅನ್ನವು ದೊರೆಯುತ್ತಿದ್ದುದನ್ನೂ ತಿಳಿಸುತ್ತದೆ. ಹೊಯ್ಸಳ ರಾಣಿ ಶಾಂತಲೆಯು ಬಳ್ಳಿಗಾವಿಯ ಮಗಳೆಂದು ನಮ್ಮ ಸೀಮೆಯ ಜನರು ಹೆಮ್ಮೆಯಿಂದ ಹೇಳಿಕೊಳ್ಳುವರು. ಗೀತನೃತ್ಯಗಳಲ್ಲಿ ಆಕೆಗಿದ್ದ ನೈಪುಣ್ಯವನ್ನು ಶಾಸನಗಳು ಹೊಗಳಿವೆ. ಆಕೆಯು ರಾಣಿಯಾಗಿದ್ದುದರಿಂದ ಆಕೆಯ ಹೆಸರು ಕಲ್ಲನ್ನೇರಿತು. ರಾಣಿಯರಲ್ಲದ ಗಾಯಕಿಯರ ಹೆಸರುಗಳು ಬಹುಮಟ್ಟಿಗೆ ಅವರ ಕಂಠದೊಡನೆಯೇ ಅಡಗಿದುವು.

ಹಾಗೆ ಅಡಗಿಹೋಗಲು ಒಪ್ಪದ ಒಬ್ಬ ಕನ್ನಡತಿಯ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ. ಅವರೇ ವಿದ್ಯಾಸುಂದರಿಯೆಂಬ ಬಿರುದನ್ನು ಹೊಂದಿದ ಬೆಂಗಳೂರು ನಾಗರತ್ನಮ್ಮನವರು. ಯೂರೋಪು ಖಂಡದಲ್ಲಿ ಇಂಪಾದ ತಾರಕಂಠವುಳ್ಳ ಸ್ತ್ರೀಯು ಗಾಯನಶಾಲೆಯಲ್ಲಿ ಶಿಕ್ಷಣ ಪಡೆದು, ರಾಜಧಾನಿಯ ಸಂಗೀತನಾಟಕ ಮಂದಿರದಲ್ಲಿ ನಾಯಕಿಯ ಪಾತ್ರವನ್ನು ವಹಿಸಿ, ದೇಶವಿದೇಶಗಳಲ್ಲಿ ಗೌರವವನ್ನು ಸಂಪಾದಿಸಬಹುದಾಗಿತ್ತು. ನಮ್ಮ ನಾಡಿನಲ್ಲಿ ಆ ಕಾಲಕ್ಕೆ ಅಂತಹ ಮಂದಿರಗಳಿರಲಿಲ್ಲ. ಅರಸರ ಆಸ್ಥಾನ, ದೇವಾಲಯದ ಉತ್ಸವ, ಶ್ರೀಮಂತರ ಮನೆಯ ಮದುವೆಯ ಚಪ್ಪರ, ಇವೇ ಗಾಯಕಿಯ ರಂಗಸ್ಥಳಗಳು. ಕೇಳುವವರು ಹಾಡನ್ನು ಮೆಚ್ಚುತ್ತಿದ್ದರು. ಹಾಡಿದವಳಿಗೆ ಮಾತ್ರ ತಮ್ಮ ಸಮಾನಸ್ಥಾನವನ್ನು ಕೊಡುತ್ತಿರಲಿಲ್ಲ. ಈ ಎರಡರ ನಡುವಣ ಅಂತರವನ್ನು ದಾಟುವುದೇ ನಾಗರತ್ನಮ್ಮನವರ ಜೀವನದ ದೊಡ್ಡ ಸಾಹಸವಾಯಿತು.

ಜನನವೂ ಬಾಲ್ಯವೂ

ನಾಗರತ್ನಮ್ಮನವರು 1878ನೆಯ ಇಸವಿ ನವೆಂಬರ್ 3ರಂದು, ಕಪಿಲಾ ನದಿಯ ದಡದಲ್ಲಿರುವ ನಂಜನಗೂಡಿನಲ್ಲಿ ಜನಿಸಿದರು. ತಾಯಿಯ ಹೆಸರು ಪುಟ್ಟಲಕ್ಷ್ಮಿ. ಅವರದು ದೇವದಾಸಿಯರ ಮನೆತನ. ತಾಯಿಗೆ ಆಶ್ರಯವನ್ನಿತ್ತಿದ್ದ ಸುಬ್ಬರಾಯರೆಂಬ ವಕೀಲರು ಕೈಬಿಟ್ಟುದರಿಂದ ತಾಯಿಯೂ ಕೂಸೂ ನಿರಾಧಾರರಾದರು.

ದೇವದಾಸಿ ಪದ್ಧತಿಯ ಸ್ವರೂಪವನ್ನು ಇಲ್ಲಿ ಸ್ವಲ್ಪ ಹೇಳಬೇಕಾಗಿದೆ. ಎಳೆಯ ವಯಸ್ಸಿನ ಹೆಣ್ಣುಮಗುವನ್ನು ದೇವರಿಗೆ ಒಪ್ಪಿಸಿಬಿಡುತ್ತಿದ್ದರು. ಆಕೆಗೆ ಇತರ ಹೆಣ್ಣುಮಕ್ಕಳಂತೆ ಮದುವೆಯಿರಲಿಲ್ಲ. ದೇವರ ಮುಂದೆ ಹಾಡುವುದೂ ಕುಣಿಯುವುದೂ ಆಕೆಯ ಸೇವೆಯಾಗಿತ್ತು. ಓದುಬರಹವು ಸಂಸಾರವಂದಿಗರ ಹೆಣ್ಣುಮಕ್ಕಳಿಗೆ ನಿಷಿದ್ಧವೆಂಬಂತಿದ್ದ ಕಾಲದಲ್ಲಿ ಈ ಮನೆಗಳ ಹುಡುಗಿಯರು ಕಾವ್ಯವನ್ನೂ ಸಂಗೀತವನ್ನೂ ಕಲಿಯುತ್ತಿದ್ದರು. ಆಸ್ತಿಯು ತಾಯಿಯಿಂದ ಮಗಳಿಗೆ ಬರುತ್ತಿತ್ತು. ಆದರೆ ಈ ಬಾಳನ್ನು ಆರಿಸಿಕೊಳ್ಳುವ ಅಧಿಕಾರವು ಆ ಮಗುವಿಗಿರಲಿಲ್ಲ. ದೊಡ್ಡವಳಾದಮೇಲೆ ಧನಿಕರೊಬ್ಬರ ಆಶ್ರಯವನ್ನು ನೆಚ್ಚಿಕೊಂಡೇ ಬದುಕಬೇಕಾಗುತ್ತಿತ್ತು. ಆಶ್ರಯವು ತಪ್ಪಿದೊಡನೆ ಬೀದಿಯೇ ಗತಿ. ಪುಟ್ಟಲಕ್ಷ್ಮಿಯು ಇದನ್ನು ತನ್ನ ಬಾಳಿನಲ್ಲಿಯೇ ಅನುಭವಿಸಿದ್ದಳು. ಆದಕಾರಣ ಯಾರೂ ಕಸಿದುಕೊಳ್ಳಲಾರದ ಒಡವೆಯೊಂದನ್ನು ಮಗಳಿಗೆ ತೊಡಿಸಬೇಕೆಂದು ಆಕೆಯು ನಿಶ್ಚಯಿಸಿದಳು. ಆ ಒಡವೆಯೇ ವಿದ್ಯೆ.

ತಾಯಿಮಕ್ಕಳು ಮೈಸೂರಿಗೆ ಬಂದು, ಅರಮನೆಯ ಆಶ್ರಯದಲ್ಲಿದ್ದ ಸಂಸ್ಕೃತ ಪಂಡಿತರಾದ ಗಿರಿಭಟ್ಟರ ತಿಮ್ಮಯ್ಯನವರನ್ನು ಸೇರಿದರು. ತಿಮ್ಮಯ್ಯನವರು ಬಾಲಿಕೆಗೆ ಸಂಸ್ಕೃತವನ್ನೂ ಸಂಗೀತವನ್ನೂ ಕಲಿಸಿದರು. ಐದನೆಯ ವಯಸ್ಸಿನಲ್ಲಿ ಕುಲದ ಪದ್ಧತಿಯಂತೆ ಆಕೆಗೆ ದೇವದಾಸಿಯ ದೀಕ್ಷೆಯಾಯಿತು. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು 1881ರಲ್ಲಿ ತಾನೇ ತೆರೆದಿತ್ತು. ಹೆಣ್ಣುಮಕ್ಕಳು ಶಾಲೆಗೆ ಹೋಗುವುದು ಊರಿಗೆ ಹೊಸ ಸಂಗತಿಯಾಗಿತ್ತು. ಅಂತಹ ಕಾಲದಲ್ಲಿ ಈ ಪುಟ್ಟ ಹುಡುಗಿಯು ಮನೆಯಲ್ಲಿಯೇ ಸಂಸ್ಕೃತ ಪಾಠವನ್ನು ಒಪ್ಪಿಸುತ್ತಿದ್ದಳು. ಆಕೆಯ ವಿದ್ಯೆಯು ಶೀಘ್ರವಾಗಿ ಬೆಳೆಯಿತು. ಆದರೆ ಕಾಲಕ್ರಮದಲ್ಲಿ ಗುರುವಿನ ಮನಸ್ಸಿನಲ್ಲಿ ವಿರಸವು ಹುಟ್ಟಿ, ಅವರೂ ಕೈಬಿಟ್ಟರು. ಎರಡನೆಯ ಬಾರಿ ಆಸರೆಯು ತಪ್ಪಿದರೂ ಪುಟ್ಟಲಕ್ಷ್ಮಿಯು ಎದೆಗುಂದದೆ, ಮಗಳನ್ನು ಕರೆದುಕೊಂಡು ಮೈಸೂರನ್ನು ಬಿಟ್ಟು, ಪಿಟೀಲು ವಿದ್ವಾಂಸನಾಗಿದ್ದ ತನ್ನ ಸಹೋದರ ವೆಂಕಟಸ್ವಾಮಪ್ಪನ ಮನೆಯನ್ನು ಸೇರಿದಳು.

ಅಲ್ಲಿ ವಿದ್ಯಾಭ್ಯಾಸವು ಮುಂದುವರಿಯಿತು. ಕನ್ನಡ, ತೆಲುಗು, ಇಂಗ್ಲಿಷು, ಪಿಟೀಲುವಾದನ, ನೃತ್ಯ, ಇವೆಲ್ಲವೂ ನಡೆದುವು. ಸಂಗೀತಕ್ಕೆ ಮುನುಸ್ವಾಮಪ್ಪನವರು ಗುರುಗಳಾದರು. ಇವರು ವಾಲಾಜಾಪೇಟೆಯ ಕೃಷ್ಣಸ್ವಾಮಿ ಭಾಗವತರ ಶಿಷ್ಯರು. ಕೃಷ್ಣಸ್ವಾಮಿ ಭಾಗವತರ ತಂದೆ ವೆಂಕಟರಮಣ ಭಾಗವತರು ಸಾಕ್ಷಾತ್ ತ್ಯಾಗರಾಜ ಸ್ವಾಮಿಗಳ ಶಿಷ್ಯರು. ಹೀಗೆ ಕಾವೇರಿಯ ತೀರದಲ್ಲಿ ಹುಟ್ಟಿದ ಕೃತಿಗಳು ಬಾಯಿಂದ ಬಾಯಿಗೆ ಬಂದು ಬಾಲಿಕೆಯ ಕಂಠದಲ್ಲಿ ನೆಲೆಸಿದುವು. ಮುಂದೆ ಆಕೆಯು ಯಾರ ಸೇವೆಗಾಗಿ ತನ್ನ ಸರ್ವಸ್ವವನ್ನೂ ಅರ್ಪಿಸಿದಳೋ ಅವರ ಸಂಬಂಧವು ಆರಂಭವಾದುದು ಇಲ್ಲಿಯೇ.

ನಾಗರತ್ನಮ್ಮನವರು ಹದಿನಾಲ್ಕು ವರ್ಷದವರಾಗಿದ್ದಾಗ ತಾಯಿಯು ತೀರಿಕೊಂಡಳು. ಮಗಳ ಕೀರ್ತಿಯನ್ನು ನೋಡುವ ಭಾಗ್ಯವು ಆ ತಾಯಿಗೆ ಇಲ್ಲವಾಯಿತು. ಹದಿನೈದನೆಯ ವಯಸ್ಸಿನಲ್ಲಿ ನಾಗರತ್ನಮ್ಮನವರು ವಿದ್ವಜ್ಜನರ ಸಭೆಯ ಮುಂದೆ ತಮ್ಮ ಕಲೆಯನ್ನು ತೋರಿ ಮೆಚ್ಚಿಗೆಯನ್ನು ಪಡೆದರು.

ಕೀರ್ತಿ

1894ರ ಕೊನೆಯಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರವರು ಕಲ್ಕತ್ತೆಯಲ್ಲಿ ಅಕಾಲಮರಣವನ್ನೈದಿದರು. ಕಲಾವಿದರಿಗೆ ಆಶ್ರಯದಾತರಾಗಿದ್ದ ಪ್ರಭುವು ಹೀಗೆ ಮರೆಯಾದ ಮೇಲೆ ನಾಗರತ್ನಮ್ಮನವರ ಕಾರ್ಯಕ್ಷೇತ್ರವು ಬೆಂಗಳೂರಾಯಿತು. ಅಲ್ಲಿ ಗಾನದಲ್ಲಿಯೂ ನೃತ್ಯದಲ್ಲಿಯೂ ಅವರ ಹೆಸರು ಮನೆಮಾತಾಯಿತು. ಮೈಸೂರು ಸಂಸ್ಥಾನದ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ನರಹರಿರಾಯರು ಅವರಿಗೆ ಪೋಷಕರಾದರು. ಬೆಂಗಳೂರಿನ ನರಹರಿರಾಯನ ಗುಡ್ಡವು ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ಸಂಗೀತಕ್ಕೆ ತೌರುಮನೆಯಂತಿದ್ದ ಮದರಾಸಿಗೆ ಹೋದರೆ ಈ ಪ್ರತಿಭೆಗೆ ತಕ್ಕ ಕ್ಷೇತ್ರವು ದೊರೆಯುವುದೆಂದು ಸೂಚಿಸಿದವರೂ ಅವರೇ. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ನಾಗರತ್ನಮ್ಮನವರು ಮದರಾಸಿನಲ್ಲಿ ನೆಲೆಸಿದರು. ವೀಣೆ ಧನಮ್ಮಾಳರಂತಹ ಮಹಾಕಲಾವಿದೆಯರಿದ್ದ ಆ ನಗರದಲ್ಲಿ, ತಾವು ಬಂದ ನಾಡಿನ ಗುರುತು ಉಳಿಯುವಂತೆ ಬೆಂಗಳೂರು ನಾಗರತ್ನಮ್ಮ ಎಂದೇ ತಮ್ಮ ಹೆಸರನ್ನು ಹೇಳಿಕೊಂಡರು.

ಆಗ ಕಾಲವೂ ಬದಲಾಗುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನರ ಹಾಡನ್ನು ಗ್ರಾಮಫೋನು ತಟ್ಟೆಯಲ್ಲಿ ಮುದ್ರಿಸಿಕೊಂಡಿದ್ದರು. ಆ ಮಹಾಗಾಯಕಿಯೇ ತಮ್ಮ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯವನ್ನು ಪಡೆದು, 1930ರಲ್ಲಿ ಮೈಸೂರಿನಲ್ಲಿಯೇ ನಿಧನರಾದರು. ಆಸ್ಥಾನಗಳ ಜೊತೆಗೆ ಟಿಕೇಟು ಕೊಂಡು ಕೇಳುವ ಸಭೆಗಳೂ ಪಟ್ಟಣಗಳಲ್ಲಿ ಹುಟ್ಟಿಕೊಂಡುವು. ಈ ಹೊಸ ಕಾಲದಲ್ಲಿ ನಾಗರತ್ನಮ್ಮನವರು ದಕ್ಷಿಣ ದೇಶದ ಊರೂರಿಗೆ ಸಂಚರಿಸಿ, ಸುಮಾರು ಮೂವತ್ತು ವರ್ಷಗಳಲ್ಲಿ ಸಾವಿರಕ್ಕೂ ಮೀರಿ ಕಚೇರಿಗಳನ್ನು ಮಾಡಿದರು. ತಿರುವಾಂಕೂರು, ಬೊಬ್ಬಿಲಿ, ವಿಜಯನಗರಂ ಸಂಸ್ಥಾನಗಳು ಅವರನ್ನು ಸನ್ಮಾನಿಸಿದುವು. ಕನ್ನಡ, ತೆಲುಗು, ಸಂಸ್ಕೃತ ಮೂರರಲ್ಲಿಯೂ ಅವರು ಹಾಡುತ್ತಿದ್ದರು. ಹರಿಕಥೆಯನ್ನು ಮಾಡುವುದರಲ್ಲಿ ವಿಶೇಷ ನಿಪುಣರಾಗಿದ್ದರು. ಸರ್ಕಾರಕ್ಕೆ ಆದಾಯದ ತೆರಿಗೆಯನ್ನು ಸಲ್ಲಿಸುವಷ್ಟು ಸಂಪಾದನೆಯು ಅವರಿಗಿತ್ತು. ಆಶ್ರಯವಿಲ್ಲದ ತಾಯಿಯ ಮಗಳು ಸ್ವಂತ ವಿದ್ಯೆಯಿಂದ ಸ್ವತಂತ್ರಳಾದಳು.

ಒಂದು ಗ್ರಂಥದ ಕಥೆ

ಹಣವೂ ಹೆಸರೂ ಬಂದಮೇಲೆ ಅನೇಕರು ವಿಶ್ರಾಂತಿಯನ್ನು ಬಯಸುವರು. ನಾಗರತ್ನಮ್ಮನವರ ಬಿಡುವು ಪುಸ್ತಕಗಳಲ್ಲಿ ಕಳೆಯುತ್ತಿತ್ತು. ತಂಜಾವೂರಿನ ಅರಸ ಪ್ರತಾಪಸಿಂಹನ ಆಸ್ಥಾನದಲ್ಲಿ ಹದಿನೆಂಟನೆಯ ಶತಮಾನದಲ್ಲಿದ್ದ ಮುದ್ದುಪಳನಿಯೆಂಬ ಕವಯಿತ್ರಿಯು ತೆಲುಗಿನಲ್ಲಿ ರಾಧಿಕಾ ಸಾಂತ್ವನಮು ಎಂಬ ಕಾವ್ಯವನ್ನು ರಚಿಸಿದ್ದಳು. ತಾನೇ ಸಾಕಿ ಬೆಳಸಿದ ಇಳೆಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡಿದ ರಾಧೆಯು ಬಳಿಕ ವಿರಹದಿಂದ ಬೇಯುವುದೂ, ಕೃಷ್ಣನು ಬಂದು ಆಕೆಯನ್ನು ಸಂತಯಿಸುವುದೂ ಅದರ ವಸ್ತು. ಮುದ್ದುಪಳನಿಯೂ ದೇವದಾಸಿಯರ ಕುಲದವಳೇ. 1887ರಲ್ಲಿ ಈ ಕಾವ್ಯವು ಒಮ್ಮೆ ಅಚ್ಚಾಗಿದ್ದಿತು. ಆದರೆ ಆ ಮುದ್ರಣವು ಅಸಮಗ್ರವಾಗಿತ್ತು. ಕವಯಿತ್ರಿಯು ತನ್ನ ಅಜ್ಜಿ ಮೊದಲಾದವರನ್ನು ಸ್ಮರಿಸಿದ್ದ ಪೀಠಿಕೆಯ ಭಾಗವೇ ಅದರಲ್ಲಿ ಇರಲಿಲ್ಲ.

ನಾಗರತ್ನಮ್ಮನವರು ಹುಡುಕಿ ಹುಡುಕಿ ಮೂಲದ ಹಸ್ತಪ್ರತಿಯನ್ನು ಸಂಪಾದಿಸಿ, ಎರಡನ್ನೂ ಹೋಲಿಸಿ ನೋಡಿ, ಶುದ್ಧವಾದ ಪಾಠವನ್ನು ಸಿದ್ಧಪಡಿಸಿದರು. 1910ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಅವರು ಅದನ್ನು ಪ್ರಕಟಿಸಿದರು. ಸಂಪಾದಕಿಯ ಕೆಲಸವು ಪಂಡಿತರಿಗೂ ಕಷ್ಟವಾದುದು. ಗಾಯಕಿಯೊಬ್ಬಳು ಅದನ್ನು ಮಾಡಿದ್ದು ಅನೇಕರಿಗೆ ಆಶ್ಚರ್ಯವನ್ನೂ ಕೆಲವರಿಗೆ ಕೋಪವನ್ನೂ ತಂದಿತು.

ಆಂಧ್ರದೇಶದಲ್ಲಿ ವಿಧವಾವಿವಾಹಕ್ಕಾಗಿಯೂ ಸ್ತ್ರೀವಿದ್ಯೆಗಾಗಿಯೂ ಶ್ರಮಿಸಿದ ಮಹನೀಯರಾದ ಕಂದುಕೂರಿ ವೀರೇಶಲಿಂಗಂ ಪಂತುಲುರವರೇ ತಮ್ಮ ಕವಿಚರಿತ್ರೆಯಲ್ಲಿ ಈ ಕಾವ್ಯವನ್ನು, ಸ್ತ್ರೀಯ ಬಾಯಲ್ಲಿ ಬರತಕ್ಕುದಲ್ಲದ ಶೃಂಗಾರವುಳ್ಳದ್ದೆಂದು ನಿಂದಿಸಿದ್ದರು. ಇದಕ್ಕೆ ನಾಗರತ್ನಮ್ಮನವರು ಕೊಟ್ಟ ಉತ್ತರವು ಸರಳವಾದುದಾಗಿತ್ತು. ಲಜ್ಜೆಯೆಂಬುದು ಹೆಂಗಸಿಗೆ ಮಾತ್ರವೇ ಇರಬೇಕಾದ ಗುಣವೋ, ಗಂಡಸಿಗೂ ಇರಬೇಕಾದುದೋ? ಪುರುಷಕವಿಗಳು ಇದಕ್ಕಿಂತಲೂ ಹೆಚ್ಚಾಗಿ ಬರೆದುದನ್ನು ಪಂಡಿತರು ಪಾಠಹೇಳುತ್ತಿರುವಾಗ, ಸ್ತ್ರೀಯು ಬರೆದುದಕ್ಕೆ ಮಾತ್ರ ದೋಷವು ಹೇಗೆ ಅಂಟಿತು? ಇದು ಅವರ ಪ್ರಶ್ನೆಯ ಸಾರ. ಪ್ರಶ್ನೆಗೆ ಸಮಾಧಾನವು ದೊರೆಯಲಿಲ್ಲ. ಬದಲಾಗಿ 1911ರಲ್ಲಿ ಪೋಲೀಸಿನವರು ಬಂದು ಪುಸ್ತಕದ ಪ್ರತಿಗಳನ್ನು ಹಿಡಿದುಕೊಂಡು ಹೋದರು. ಮದರಾಸು ಸರ್ಕಾರವು ಆ ಗ್ರಂಥವನ್ನು ನಿಷೇಧಿಸಿತು. ಪ್ರಕಾಶಕರೂ ಪಂಡಿತರೂ ಮಾಡಿಕೊಂಡ ಬಿನ್ನಹಗಳು ಫಲಿಸಲಿಲ್ಲ. ಮೂವತ್ತಾರು ವರ್ಷಗಳ ತರುವಾಯ, ಟಂಗುಟೂರಿ ಪ್ರಕಾಶಂ ಪಂತುಲುರವರ ಪ್ರಯತ್ನದಿಂದ 1947ರಲ್ಲಿ ಆ ನಿಷೇಧವು ತೊಲಗಿತು. 1952ರಲ್ಲಿ ಪುಸ್ತಕವು ಪುನಃ ಮುದ್ರಣವಾಯಿತು. ಕಾವ್ಯದ ರುಚಿಯ ವಿಷಯದಲ್ಲಿ ವಾಚಕರ ಅಭಿಪ್ರಾಯಗಳು ಬೇರೆಬೇರೆಯಾಗಿರಬಹುದು. ಆದರೆ ಸತ್ತು ನೂರಕ್ಕೂ ಹೆಚ್ಚು ವರ್ಷವಾಗಿದ್ದ ಒಬ್ಬ ಕವಯಿತ್ರಿಯ ಹೆಸರನ್ನು ಇನ್ನೊಬ್ಬ ಸ್ತ್ರೀಯು ಮಣ್ಣಿನಿಂದ ಎತ್ತಿ ಹಿಡಿದುದು ಸಣ್ಣ ಕೆಲಸವಲ್ಲ.

ತಿರುವೈಯಾರಿನ ಸೇವೆ

ತ್ಯಾಗರಾಜ ಸ್ವಾಮಿಗಳು 1847ನೆಯ ಇಸವಿ ಜನವರಿ 6ರಂದು ತಿರುವೈಯಾರಿನಲ್ಲಿ ದೇಹವನ್ನು ಬಿಟ್ಟರು. ಕಾವೇರಿಯ ದಡದಲ್ಲಿದ್ದ ಅವರ ಸಮಾಧಿಯು ಕಾಲಕ್ರಮದಲ್ಲಿ ಶಿಥಿಲವಾಯಿತು. ಶಿಷ್ಯಪರಂಪರೆಯವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅದನ್ನು ಒಮ್ಮೆ ಸರಿಪಡಿಸಿ ಪ್ರತಿವರ್ಷವೂ ಪುಷ್ಯ ಬಹುಳ ಪಂಚಮಿಯಂದು ಆರಾಧನೆಯನ್ನು ನಡೆಸತೊಡಗಿದರು. ಆದರೆ ಅವರೊಳಗೆ ಒಡಕು ಹುಟ್ಟಿ, ದೊಡ್ಡ ಪಕ್ಷ ಚಿಕ್ಕ ಪಕ್ಷವೆಂದು ಎರಡು ಗುಂಪುಗಳಾಗಿ ಬೇರೆಬೇರೆಯಾಗಿಯೇ ಉತ್ಸವಗಳು ನಡೆಯುತ್ತಿದ್ದುವು. ಉತ್ಸವಕ್ಕೆ ಪಕ್ಷಗಳೆರಡಿದ್ದರೂ ಸಮಾಧಿಯನ್ನು ನೋಡಿಕೊಳ್ಳುವವರು ಮಾತ್ರ ಇರಲಿಲ್ಲ.

ಈ ದುಃಸ್ಥಿತಿಯ ವಾರ್ತೆಯು 1921ರ ಸುಮಾರಿಗೆ ನಾಗರತ್ನಮ್ಮನವರ ಕಿವಿಗೆ ಬಿದ್ದಿತು. ತಮಗೆ ಅನ್ನವನ್ನೂ ಕೀರ್ತಿಯನ್ನೂ ಕೊಟ್ಟ ಕೃತಿಗಳ ಕರ್ತನು ಹೀಗೆ ಮುಳ್ಳುಕಂಟಿಗಳ ನಡುವೆ ಮಲಗಿರುವುದನ್ನು ಅವರು ಸಹಿಸಲಾರದೆ ಹೋದರು. ಅಷ್ಟು ವರ್ಷ ಹಾಡಿ ಗಳಿಸಿದ್ದ ಹಣವನ್ನು ತೆಗೆದು ಆ ನೆಲವನ್ನು ಸಂಪಾದಿಸಿದರು, ಮಂದಿರವನ್ನು ಕಟ್ಟಿಸಿದರು, ತ್ಯಾಗರಾಜರ ವಿಗ್ರಹವನ್ನು ಮಾಡಿಸಿ ಸಮಾಧಿಯ ಮುಂದೆ ಇರಿಸಿದರು. 1926ರ ಜನವರಿಯಲ್ಲಿ ಪ್ರತಿಷ್ಠೆಯು ನೆರವೇರಿತು. ಸಂಸ್ಕೃತದಲ್ಲಿ ತಾವೇ ತ್ಯಾಗರಾಜ ಅಷ್ಟೋತ್ತರ ಶತನಾಮಾವಳಿಯನ್ನು ರಚಿಸಿದರು. ಗಿರಿಭಟ್ಟರ ತಿಮ್ಮಯ್ಯನವರ ಮುಂದೆ ಕುಳಿತು ಕಲಿತ ಸಂಸ್ಕೃತವು ಇಲ್ಲಿ ಸಾರ್ಥಕವಾಯಿತು.

ಈಗ ವಾಚಕರು ಒಂದು ವಿಚಿತ್ರವನ್ನು ಗಮನಿಸಬೇಕು. ನೆಲವನ್ನು ಒದಗಿಸಿದವಳು ಸ್ತ್ರೀ. ಗುಡಿಯನ್ನು ಕಟ್ಟಿಸಿದವಳು ಸ್ತ್ರೀ. ಆದರೆ ಅದೇ ಗುಡಿಯ ಮುಂದೆ ಆರಾಧನೆಯ ದಿನ ಸ್ತ್ರೀಯರು ಹಾಡುವಂತಿರಲಿಲ್ಲ! ಹರಿಕಥೆಯನ್ನು ಮಾಡುವುದಕ್ಕೆ ನಾಗರತ್ನಮ್ಮನವರು ಅವಕಾಶವನ್ನು ಬೇಡಿದಾಗ, ಬೇರೆ ಯಾವುದರಲ್ಲಿಯೂ ಒಮ್ಮತವಿಲ್ಲದ ಎರಡು ಪಕ್ಷದವರೂ ಇದೊಂದನ್ನು ನಿರಾಕರಿಸುವುದರಲ್ಲಿ ಒಂದಾದರು. ನಾಗರತ್ನಮ್ಮನವರಾದರೋ ತಾವು ಕಟ್ಟಿಸಿದ ಗುಡಿಯ ಬಾಗಿಲನ್ನು ಇತರರಿಗೆ ಮುಚ್ಚಲಿಲ್ಲ. ತಾವು ಹಿಂದೆಗೆಯಲೂ ಇಲ್ಲ. 1927ರಿಂದ ಗುಡಿಯ ಹಿಂಭಾಗದಲ್ಲಿ ಗಾಯಕಿಯರನ್ನು ಕೂಡಿಸಿಕೊಂಡು ತಮ್ಮದೇ ಆರಾಧನೆಯನ್ನು ಆರಂಭಿಸಿದರು. ಜನರು ಅದನ್ನು ಹೆಂಗಸರ ಪಕ್ಷವೆಂದು ಕರೆದರು. ಹೀಗೆ ಹದಿಮೂರು ವರ್ಷಗಳು ಕಳೆದುವು. ಕಡೆಗೆ 1940ರಲ್ಲಿ, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಸಿವಿಲ್ ಸರ್ವಿಸಿನ ಎಸ್. ವೈ. ಕೃಷ್ಣಸ್ವಾಮಿ ಮೊದಲಾದವರ ಮಧ್ಯಸ್ಥಿಕೆಯಿಂದ ಮೂರು ಪಕ್ಷಗಳೂ ಒಂದುಗೂಡಿ ಒಂದೇ ಆರಾಧನೆಯಾಯಿತು; ಸ್ತ್ರೀಯರಿಗೂ ಅದರಲ್ಲಿ ಹಾಡುವ ಹಕ್ಕು ದೊರೆಯಿತು. ಇಂದು ಆ ದಿನ ನೂರಾರು ಗಂಡಸರೂ ಹೆಂಗಸರೂ ಎದುರುಬದುರಾಗಿ ಕುಳಿತು ಪಂಚರತ್ನ ಕೃತಿಗಳನ್ನು ಒಕ್ಕೊರಲಿನಿಂದ ಹಾಡುವರು. ಕೇಳುವವರಲ್ಲಿ ಅನೇಕರಿಗೆ ಈ ಸಾಲು ಕುಳಿತ ಬಗೆಯ ಹಿಂದೆ ಇಷ್ಟು ವರ್ಷದ ತಾಳ್ಮೆಯಿದೆಯೆಂಬುದು ತಿಳಿಯದು.

ಒಂದು ಕಠಿನವಾದ ವಿವಾದ

ನಾಗರತ್ನಮ್ಮನವರ ಚರಿತ್ರೆಯಲ್ಲಿ ಸುಲಭವಾಗಿ ತೀರ್ಪು ಹೇಳಲಾಗದ ಒಂದು ಅಧ್ಯಾಯವಿದೆ. ಮೈಸೂರು ಸರ್ಕಾರವು 1909ರಲ್ಲಿಯೇ ತನ್ನ ಆಡಳಿತಕ್ಕೊಳಪಟ್ಟ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. 1927ರ ಬಳಿಕ ಮದರಾಸಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಹೆಣ್ಣುಮಕ್ಕಳನ್ನು ದೇವರಿಗೆ ಒಪ್ಪಿಸುವ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಬೇಕೆಂದು ಹೋರಾಡಿದರು. ಮುತ್ತುಲಕ್ಷ್ಮಿಯವರ ತಾಯಿಯೂ ಅದೇ ಕುಲದವರಾದುದರಿಂದ ಆ ಬಾಳಿನ ನೋವನ್ನು ಅವರು ಹತ್ತಿರದಿಂದ ಬಲ್ಲವರಾಗಿದ್ದರು. ನಾಗರತ್ನಮ್ಮನವರು ದೇವದಾಸಿಯರ ಸಂಘದ ಮುಂದಾಳಾಗಿ ಆ ಮಸೂದೆಯನ್ನು ವಿರೋಧಿಸಿದರು. ಕಾನೂನು ತಮ್ಮ ಕುಲದ ಸ್ತ್ರೀಯರೆಲ್ಲರನ್ನೂ ಪತಿತೆಯರೆಂದು ಮುದ್ರೆಯೊತ್ತುವುದೆಂದೂ, ಅವರು ತಲೆಮಾರುಗಳಿಂದ ಕಾಪಾಡಿದ ಕಲೆಯೂ ಅವರ ಜೀವನೋಪಾಯವೂ ನಾಶವಾಗುವುವೆಂದೂ ಅವರಿಗೆ ಭಯವಿದ್ದಿತು.

1947ರಲ್ಲಿ ಮದರಾಸಿನಲ್ಲಿಯೂ 1982ರಲ್ಲಿ ಕರ್ಣಾಟಕದಲ್ಲಿಯೂ ನಿಷೇಧದ ಕಾನೂನುಗಳು ಬಂದುವು. ಬುದ್ಧಿ ಬಲಿಯದ ಮಗುವಿನ ಬಾಳನ್ನು ಇತರರು ಒತ್ತೆಯಿಡಬಾರದೆಂಬ ಮುತ್ತುಲಕ್ಷ್ಮಿಯವರ ಪಕ್ಷವು ಸರಿಯಾದುದೇ ಸರಿ. ನಾಗರತ್ನಮ್ಮನವರೂ ಐದು ವರ್ಷದ ಮಗುವಾಗಿದ್ದಾಗ ಅವರನ್ನು ಯಾರೂ ಕೇಳಿರಲಿಲ್ಲವಷ್ಟೆ. ಆದರೆ ನಾಗರತ್ನಮ್ಮನವರ ಭಯವೂ ನಿರಾಧಾರವಾಗಿರಲಿಲ್ಲ. ಕಲೆಯು ಮೇಲಿನ ಕುಲಗಳ ಮನೆಗಳನ್ನು ಸೇರಿ ಗೌರವವನ್ನು ಪಡೆಯಿತು. ಅದನ್ನು ಅದುವರೆಗೆ ಕಾಪಾಡಿದವರಲ್ಲಿ ಅನೇಕರು ಮರೆಯಲ್ಲಿ ಬಡತನದಿಂದ ಸವೆದುಹೋದರು. ಇಬ್ಬರು ಧೀರಸ್ತ್ರೀಯರು ಒಂದೇ ದುಃಖವನ್ನು ಎರಡು ದಿಕ್ಕುಗಳಿಂದ ಕಂಡರೆಂದು ತಿಳಿಯುವುದು ನ್ಯಾಯವಾಗಿ ತೋರುತ್ತದೆ.

ಅಂತ್ಯಕಾಲ

ವೃದ್ಧಾಪ್ಯದಲ್ಲಿ ನಾಗರತ್ನಮ್ಮನವರು ಮದರಾಸಿನ ವೈಭವವನ್ನು ತೊರೆದು ತಿರುವೈಯಾರಿನಲ್ಲಿಯೇ ಸರಳವಾಗಿ ಬಾಳಿದರು. ತಮ್ಮ ಉಳಿದ ಆಸ್ತಿಯನ್ನು ಮರಣಶಾಸನದ ಮೂಲಕ ಆ ಸಮಾಧಿಮಂದಿರದ ಸೇವೆಗಾಗಿ ಧರ್ಮನಿಧಿಯಾಗಿ ಏರ್ಪಡಿಸಿದರು. ಗುಡಿಯಲ್ಲಿ ಸ್ತ್ರೀಯರಿಗೂ ಸೇವೆಮಾಡುವ ಹಕ್ಕು ಎಂದಿಗೂ ತಪ್ಪದಿರುವಂತೆ ಅದರಲ್ಲಿ ವಿಧಿಸುವುದನ್ನು ಅವರು ಮರೆಯಲಿಲ್ಲ. ಬಾಯಿಮಾತಿನ ಆಶ್ರಯವು ಎಷ್ಟು ದಿನದ್ದೆಂಬುದು ಪುಟ್ಟಲಕ್ಷ್ಮಿಯ ಮಗಳಿಗೆ ಚೆನ್ನಾಗಿ ಗೊತ್ತಿದ್ದಿತು. ಆದಕಾರಣವೇ ಹಕ್ಕನ್ನು ಕಾಗದದ ಮೇಲೆ ಬರೆಸಿದರು.

1952ನೆಯ ಇಸವಿ ಮೇ 19ರಂದು, ತಮ್ಮ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ತ್ಯಾಗರಾಜರ ಸಮಾಧಿಗೆ ಎದುರಾಗಿ ಅವರ ಸಮಾಧಿಯನ್ನು ಮಾಡಲಾಯಿತು. ಕೈಮುಗಿದು ಕುಳಿತ ಅವರ ಪ್ರತಿಮೆಯು ಅಲ್ಲಿ ಗುರುವಿನ ಕಡೆಗೇ ಮುಖವಿಟ್ಟುಕೊಂಡಿದೆ.

ತಮ್ಮ ಹೆಣ್ಣುಮಕ್ಕಳನ್ನು ದೂರದ ಹಳ್ಳಿಗಳಿಂದ ಶಾಲೆಗೆ ಕಳುಹಿಸುವ ತಂದೆತಾಯಿಗಳು ಈ ಚರಿತ್ರೆಯಲ್ಲಿ ನಾಗರತ್ನಮ್ಮನವರೊಡನೆ ಪುಟ್ಟಲಕ್ಷ್ಮಿಯನ್ನೂ ನೆನೆಯಬೇಕೆಂಬುದು ನಮ್ಮ ಆಶಯ. ಆಕೆಗೆ ಮನೆಯಿರಲಿಲ್ಲ, ಹಣವಿರಲಿಲ್ಲ, ಎರಡು ಸಲ ಆಸರೆಯು ಕೈಕೊಟ್ಟಿತು. ಆದರೂ ಮಗಳ ಪಾಠವನ್ನು ಆಕೆಯು ಒಂದು ದಿನವೂ ನಿಲ್ಲಗೊಡಲಿಲ್ಲ. ಮಗಳ ಹಾಡನ್ನು ಕೇಳಿದವರು ಈಗ ಬಹುಮಂದಿ ಉಳಿದಿಲ್ಲ; ಆದರೆ ಪ್ರತಿವರ್ಷವೂ ಪುಷ್ಯಮಾಸದಲ್ಲಿ ಕಾವೇರಿಯ ತೀರದಲ್ಲಿ ಸ್ತ್ರೀಯರ ಕಂಠವು ಏಳುವಾಗ, ಆ ತಾಯಿಯು ಮಗಳಿಗೆ ಕಲಿಸಿದ ಪಾಠವೇ ಅಲ್ಲಿ ಕೇಳಿಬರುತ್ತದೆ.